ಚುಕ್ಕಿಗೆ ಮೊದಲು ಕಾಡಿತ್ತು: ಕೊಡಗಿನವರಿಗೆ ರಝಾ ಪರಿಚಯ

ಚಿತ್ರಕಲಾವಿದ ಸಯ್ಯದ್ ಹೈದರ್ ರಝಾ ಫಾರೆಸ್ಟ್ ರೇಂಜರ್ ಒಬ್ಬರ ಮಗ. ಹುಟ್ಟಿದ್ದು 1922ರ ಫೆಬ್ರವರಿ 22ರಂದು, ಮಧ್ಯಪ್ರದೇಶದ ಮಂಡ್ಲಾ ಜಿಲ್ಲೆಯ ಬಾಬರಿಯಾದಲ್ಲಿ. ಬಾಲ್ಯ ಕಳೆದದ್ದು ಅಲ್ಲೇ ಕಕೈಯಾ ಎಂಬ ಹಳ್ಳಿಯಲ್ಲಿ. ಸುತ್ತಲೂ ಸಾಲ್ ಮರದ ಕಾಡು, ಕಾಡಿನಲ್ಲಿ ಹುಲಿ, ಅಲ್ಲಲ್ಲಿ ಗೊಂಡ ಜನರ ಹಾಡಿಗಳು, ಜಿಲ್ಲೆಯನ್ನು ಸುತ್ತಿಕೊಂಡು ಹರಿಯುವ ನರ್ಮದೆ. ಇವತ್ತು ಕಾನ್ಹಾ ಹುಲಿ ಸಂರಕ್ಷಿತ ಪ್ರದೇಶ ಇರುವುದೂ ಆ ಕಡೆಯೇ. ತಿತಿಮತಿಯಲ್ಲೋ ಮಾಕುಟ್ಟದಲ್ಲೋ ಫಾರೆಸ್ಟ್ ಕ್ವಾರ್ಟರ್ಸ್‌ನಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಊಹಿಸಿಕೊಳ್ಳುತ್ತಾರೆ. ಕತ್ತಲಾಗುವ ಮೊದಲೇ ಬಾಗಿಲು ಹಾಕಿ, ಆನೆ ಬಿದಿರು ಮುರಿಯುವ ಸದ್ದು ಕೇಳುತ್ತಾ ಮಲಗಿದ ಮಕ್ಕಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರಲ್ವಾ? ರಝಾ ಅವರ ಅಮೂರ್ತ ಚಿತ್ರಗಳ ಹತ್ತಿರ ಹೋಗಲು ಅಂಥವರಿಗೆ ಒಂದು ಒಳದಾರಿ ಇದೆ ಅಂತ ನನ್ನ ನಂಬಿಕೆ.

ರಝಾ ಅಂದ ಕೂಡಲೇ ಜನರಿಗೆ ನೆನಪಾಗುವುದು ಬಿಂದು. ದೊಡ್ಡ ಕ್ಯಾನ್ವಾಸಿನಲ್ಲಿ ಒಂದು ಕಪ್ಪು ವೃತ್ತ, ಸುತ್ತ ತ್ರಿಕೋನ, ಚೌಕ, ಬಣ್ಣದ ಪಟ್ಟಿಗಳು. 2023ರ ಆಗಸ್ಟ್‌ನಲ್ಲಿ ಮುಂಬೈಯ ಒಂದು ಹರಾಜಿನಲ್ಲಿ ಅವರ 'ಜೆಸ್ಟೇಷನ್' ಎಂಬ ಚಿತ್ರ 51.75 ಕೋಟಿ ರೂಪಾಯಿಗೆ ಹೋಯಿತು. ಅದು 1989ರ ಕೆಲಸ. ಸೋಮವಾರಪೇಟೆ ಕಡೆಯ ನನ್ನ ಗೆಳೆಯ ಸುದ್ದಿಯ ಫೋಟೊ ಕಳಿಸಿ, “ಒಂದು ರೌಂಡ್ ಎಳೆದದ್ದಕ್ಕೆ ಇಷ್ಟಾ? ಇದರಲ್ಲಿ ಎಷ್ಟು ಎಕರೆ ತೋಟ ಬರ್ತಿತ್ತು ಮಾರಾಯ!” ಅಂದ. ಅವನ ಮಾತಿನಲ್ಲಿ ತಪ್ಪೇನಿಲ್ಲ. ವೃತ್ತದಿಂದ ಶುರು ಮಾಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಇನ್ನು ಕೆಲವರು ಶೂನ್ಯ, ಬ್ರಹ್ಮ, ಕುಂಡಲಿನಿ ಅಂತ ನಾಲ್ಕು ದೊಡ್ಡ ಮಾತು ಆಡಿ ಮುಗಿಸಿಬಿಡುತ್ತಾರೆ. ನನಗೆ ಅದೂ ಅಷ್ಟೇ ಅವಸರದ ಮಾತು. ಬಿಂದು ಅವರ ಚಿತ್ರದಲ್ಲಿ ಗಟ್ಟಿಯಾಗಿ ಬಂದು ಕೂತದ್ದು 1980ರ ಹೊತ್ತಿಗೆ. ಆಗ ರಝಾಗೆ ಹೆಚ್ಚುಕಮ್ಮಿ 60. ಅದಕ್ಕೆ ಮುಂಚೆ 40 ವರ್ಷ ಅವರು ಬಿಡಿಸಿದ್ದು ಬೀದಿ, ಮನೆ, ಬೆಟ್ಟ, ಕಾಡು. ಆ 40 ವರ್ಷವನ್ನು ಹಾರಿಕೊಂಡು ಹೋಗಿ ವೃತ್ತದ ಎದುರು ನಿಂತರೆ ಕೈಗೆ ಏನೂ ಹತ್ತುವುದಿಲ್ಲ.

ಅಮೂರ್ತ ಚಿತ್ರದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸ್ಥೂಲವಾಗಿ ಅದಕ್ಕೆ ಎರಡು ದಾರಿ. ಒಂದರಲ್ಲಿ ಕಲಾವಿದ ಕಣ್ಣೆದುರಿನ ಯಾವ ವಸ್ತುವನ್ನೂ ಇಟ್ಟುಕೊಳ್ಳುವುದಿಲ್ಲ. ನೇರವಾಗಿ ಆಕಾರ, ಬಣ್ಣ ಜೋಡಿಸುತ್ತಾನೆ. ರಷ್ಯಾದ ಮಾಲೆವಿಚ್ 1915ರಲ್ಲಿ ತೋರಿಸಿದ ಕಪ್ಪು ಚೌಕ ಅಂಥದ್ದು. ಇನ್ನೊಂದರಲ್ಲಿ ಕಂಡದ್ದನ್ನೇ ಹಿಡಿದುಕೊಂಡು, ಬೇಡದ್ದನ್ನು ಒಂದೊಂದಾಗಿ ಬಿಡುತ್ತಾ ಹೋಗುವುದು. ಹಾಲೆಂಡಿನ ಮಾಂಡ್ರಿಯಾನ್ ಕೆಲವೇ ವರ್ಷಗಳಲ್ಲಿ ಮರದ ಚಿತ್ರವನ್ನು ಬರೀ ಗೆರೆಗಳ ಬಲೆಯಾಗಿ ಮಾಡಿದ್ದು ಹೀಗೆ. ರಝಾ ಈ ಎರಡನೇ ದಾರಿಯವರು. ಅವರ ತ್ರಿಕೋನಗಳ ಹಿಂದೆ ಯಾವತ್ತೂ ಒಂದು ಜಾಗ ಇದೆ. ಅವರು ಕೊನೆತನಕ ನಿಸರ್ಗ ಚಿತ್ರಕಾರರೇ. ಮರ ಮಾತ್ರ ಕಾಣಿಸುವುದಿಲ್ಲ, ಅಷ್ಟೇ.

ಆ ಮೊದಲ ಜಾಗಕ್ಕೆ ಬರೋಣ. ದೊಡ್ಡವರಾದ ಮೇಲೆ ರಝಾ ಮತ್ತೆ ಮತ್ತೆ ಹೇಳಿಕೊಂಡದ್ದು ಕಾಡಿನ ರಾತ್ರಿಯ ವಿಷಯ. ಅದು ಭಯದ ರಾತ್ರಿ. ಬೆಳಗಾದಾಗ ಬರುತ್ತಿದ್ದ ನೆಮ್ಮದಿ, ಸಂತೆಯ ದಿನ ಬಿಸಿಲಲ್ಲಿ ಹೊಳೆಯುತ್ತಿದ್ದ ಬಣ್ಣದ ಬಟ್ಟೆಗಳು, ಗೊಂಡರ ಕುಣಿತ, ಇವೆಲ್ಲ ಆ ಭಯದ ಮತ್ತೊಂದು ಬದಿ. ಕಕ್ಕಡ ತಿಂಗಳ ಮಳೆಯಲ್ಲಿ ಕರೆಂಟ್ ಹೋಗಿ ಎರಡು ದಿನವಾದ ಮನೆಯಲ್ಲಿ ಕೂತವರಿಗೆ ಕತ್ತಲು ಅಂದರೆ ಬೆಳಕಿಲ್ಲದ್ದು ಅಂತ ಮಾತ್ರ ಅನಿಸುವುದಿಲ್ಲ. ಅದಕ್ಕೆ ತೂಕ ಇರುತ್ತದೆ. ಅದು ಕಿಟಕಿಯ ಹೊರಗೆ ಬಂದು ನಿಂತಿರುತ್ತದೆ. ರಝಾ ಚಿತ್ರಗಳ ಕಪ್ಪು ಇಂಥದ್ದು. ಕಪ್ಪನ್ನು ಅವರು ಎಲ್ಲ ಬಣ್ಣಗಳ ತಾಯಿ ಎಂದು ಕರೆಯುತ್ತಿದ್ದರು. ಅವರ ಒಳ್ಳೆಯ ಚಿತ್ರಗಳಲ್ಲಿ ಕೆಂಪು, ಹಳದಿ ಕಪ್ಪಿನ ಪಕ್ಕದಲ್ಲಿ ಇರುವುದಿಲ್ಲ, ಕಪ್ಪಿನ ಒಳಗಿಂದ ಹೊರಗೆ ಬರುತ್ತವೆ.

ಇನ್ನೊಂದು ಕತೆ ಎಲ್ಲರೂ ಹೇಳುವಂಥದ್ದು. ಹಳ್ಳಿ ಶಾಲೆಯಲ್ಲಿ ಹುಡುಗನ ಮನಸ್ಸು ಪಾಠದಲ್ಲಿ ನಿಲ್ಲುತ್ತಿರಲಿಲ್ಲ. ಹೆಡ್‌ಮಾಸ್ಟರ್ ನಂದಲಾಲ್ ಝಾರಿಯಾ ಗೋಡೆ ಮೇಲೆ ಒಂದು ಚುಕ್ಕಿ ಇಟ್ಟು, ಬೇರೇನೂ ಯೋಚಿಸದೆ ಅದನ್ನೇ ನೋಡು ಅಂದರು. ಬಿಂದುವಿನ ಮೂಲ ಇದೇ ಅಂತ ರಝಾ ಅವರೇ ಹೇಳಿದ್ದಾರೆ. ನಿಜ ಇರಬಹುದು. ಆದರೆ ಚುಕ್ಕಿ ನೋಡಿದ ಹುಡುಗ ಕುಂಚ ಹಿಡಿದು ಚುಕ್ಕಿ ಬಿಡಿಸಲು ಐದು ದಶಕ ಬೇಕಾಯಿತು ಅನ್ನುವುದೇ ನನಗೆ ಹೆಚ್ಚು ಕುತೂಹಲದ ಸಂಗತಿ.

ಪ್ರೌಢಶಾಲೆ ದಮೋಹ್‌ನಲ್ಲಿ ಆಯಿತು. 1939ರಿಂದ 1943ರವರೆಗೆ ನಾಗಪುರದ ಕಲಾಶಾಲೆ. ಆಮೇಲೆ ಬೊಂಬಾಯಿ. ಅಲ್ಲಿ ಹೊಟ್ಟೆಪಾಡಿಗೆ ಪ್ರಿಂಟಿಂಗ್ ಬ್ಲಾಕ್ ಮಾಡುವ ಸ್ಟುಡಿಯೊ ಒಂದರಲ್ಲಿ ಡಿಸೈನರ್ ಕೆಲಸ, ಜೊತೆಗೆ ಜೆ.ಜೆ. ಕಲಾಶಾಲೆಯಲ್ಲಿ ಓದು. ನಮ್ಮ ಉಡುಪಿ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಕಲಿತದ್ದೂ ಕಲಿಸಿದ್ದೂ ಇದೇ ಶಾಲೆಯಲ್ಲಿ. ರಝಾ ಆಗ ಬಿಡಿಸುತ್ತಿದ್ದದ್ದು ಜಲವರ್ಣದ ಬೀದಿ ಚಿತ್ರಗಳು. ಮಳೆಯಲ್ಲಿ ನೆನೆದ ರಸ್ತೆ, ಚರ್ಚು, ಜನ, ಗಾಡಿ.

ಬೊಂಬಾಯಿಯಲ್ಲಿ ಅವರ ಮೇಲೆ ಪ್ರಭಾವ ಬೀರಿದ ಮೂವರ ಹೆಸರು ಹೇಳಲೇಬೇಕು. ಕಲಾ ವಿಮರ್ಶಕ ರೂಡಿ ವಾನ್ ಲೇಡನ್, ಟೈಮ್ಸ್ ಆಫ್ ಇಂಡಿಯಾದ ಕಲಾ ನಿರ್ದೇಶಕ ವಾಲ್ಟರ್ ಲಾಂಗ್‌ಹ್ಯಾಮರ್, ಚಿತ್ರ ಸಂಗ್ರಾಹಕ ಇಮ್ಯಾನುಯೆಲ್ ಶ್ಲೆಸಿಂಗರ್. ಮೂವರೂ ಹಿಟ್ಲರನ ಕಾಲದ ಯುರೋಪ್ ಬಿಟ್ಟು ಬಂದವರು. ಅವರ ಮನೆಗಳಲ್ಲಿ ನಮ್ಮ ಹುಡುಗರು ಯುರೋಪಿನ ಹೊಸ ಚಿತ್ರಗಳ ಅಚ್ಚು ಪ್ರತಿಗಳನ್ನು ನೋಡಿದರು, ಅವರಿಂದ ಚಿತ್ರ ಮಾರಿಸಿಕೊಂಡರು, ಬೈಸಿಕೊಂಡರು. 1947ರಲ್ಲಿ ಸೋಜಾ, ರಝಾ, ಆರಾ, ಹುಸೇನ್, ಗಾಡೆ, ಬಾಕ್ರೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಆರು ಜನರದ್ದೂ ಆರು ದಿಕ್ಕು. ಹಳೇ ಅಕಾಡೆಮಿ ಶೈಲಿಯೂ ಬೇಡ, ಪುರಾಣವನ್ನೇ ಮೆಲುಕು ಹಾಕುವ ಬಂಗಾಳಿ ಶೈಲಿಯೂ ಬೇಡ ಅನ್ನುವುದೊಂದೇ ಎಲ್ಲರಿಗೂ ಒಪ್ಪಿಗೆಯ ಮಾತು. ಗುಂಪು ಹೆಚ್ಚು ವರ್ಷ ಬಾಳಲಿಲ್ಲ.

ಅದೇ ವರ್ಷ ದೇಶ ಒಡೆಯಿತು. ರಝಾ ತಾಯಿ 1947ರಲ್ಲಿ, ತಂದೆ 1948ರಲ್ಲಿ ತೀರಿಕೊಂಡರು. ಒಡಹುಟ್ಟಿದವರು ಪಾಕಿಸ್ತಾನಕ್ಕೆ ಹೋದರು. ರಝಾ ಹೋಗಲಿಲ್ಲ. ಚಿಕ್ಕವರಿದ್ದಾಗ ಮಂಡ್ಲಾದಲ್ಲಿ ಗಾಂಧಿಯವರನ್ನು ನೋಡಿದ್ದರು, ಅವರ ದೇಶ ಬಿಟ್ಟು ಹೋಗಲು ಮನಸ್ಸು ಬರಲಿಲ್ಲ ಅಂತ ಆಮೇಲೆ ಹೇಳಿಕೊಂಡಿದ್ದಾರೆ. ಮನೆ ಅನ್ನುವುದು ಖಾಲಿಯಾದ ಆ ಎರಡು ವರ್ಷಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಫ್ರಾನ್ಸಿನಲ್ಲಿ ಅವರು ವರ್ಷಗಟ್ಟಲೆ ಮನೆಗಳನ್ನೇ ಬಿಡಿಸುತ್ತಾರೆ. ಆ ಮನೆಗಳಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ.

ತಿರುವು ಬಂದದ್ದು 1948ರಲ್ಲಿ, ಕಾಶ್ಮೀರದಲ್ಲಿ. ಅಲ್ಲಿ ಫ್ರೆಂಚ್ ಫೋಟೊಗ್ರಾಫರ್ ಹೆನ್ರಿ ಕಾರ್ಟಿಯೆ ಬ್ರೆಸಾನ್ ಸಿಕ್ಕರು. ರಝಾ ಚಿತ್ರಗಳನ್ನು ನೋಡಿ, ಪ್ರತಿಭೆ ಇದೆ, ಆದರೆ ಕಟ್ಟೋಣ ಇಲ್ಲ, ಫ್ರೆಂಚ್ ಚಿತ್ರಕಾರ ಸೆಜಾನ್‌ನನ್ನು ಓದು ಎಂಬ ಅರ್ಥದ ಮಾತು ಹೇಳಿದರು. ಯುವ ಕಲಾವಿದನಿಗೆ ಇಂಥ ಮಾತು ಕೇಳಲು ಕಷ್ಟ. ರಝಾ ಅದನ್ನು ಗಂಭೀರವಾಗಿ ತೆಗೆದುಕೊಂಡು ಫ್ರೆಂಚ್ ಕಲಿಯಲು ಶುರು ಮಾಡಿದರು. 1950ರಲ್ಲಿ ಫ್ರೆಂಚ್ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪ್ಯಾರಿಸ್ಸಿಗೆ ಹೋದರು. 60 ವರ್ಷ ಅಲ್ಲೇ ಉಳಿದರು.

ಸೆಜಾನ್ ಕಲಿಸುವುದೇನು? ಒಂದು ಬೆಟ್ಟ ನೋಡುವಾಗ ನಮಗೆ ಮೊದಲು ಕಾಣುವುದು ಮರ, ಎಲೆ, ಬೆಳಕಿನ ಆಟ. ಇವೆಲ್ಲ ಗಂಟೆಗೊಮ್ಮೆ ಬದಲಾಗುತ್ತವೆ. ಅವುಗಳ ಕೆಳಗೆ ಬೆಟ್ಟದ ರಾಶಿ ಇದೆ, ಇಳಿಜಾರಿನ ದಿಕ್ಕಿದೆ, ಒಂದು ಗುಡ್ಡ ಇನ್ನೊಂದಕ್ಕೆ ಒರಗಿಕೊಂಡ ರೀತಿ ಇದೆ. ಇವು ಬದಲಾಗುವುದಿಲ್ಲ. ಸೆಜಾನ್ ತನ್ನೂರಿನ ಸೇಂಟ್ ವಿಕ್ಟ್ವಾರ್ ಬೆಟ್ಟವನ್ನು ಹತ್ತಾರು ಸಲ ಬಿಡಿಸಿದ್ದು ಇದನ್ನು ಹಿಡಿಯಲು. ಚಿತ್ರದೊಳಗೆ ಒಂದು ಬಣ್ಣದ ತುಂಡನ್ನು ಕಿತ್ತರೆ ಉಳಿದದ್ದೆಲ್ಲ ಸಡಿಲವಾಗಬೇಕು, ಅಷ್ಟು ಬಿಗಿ ಇರಬೇಕು. ಬ್ರೆಸಾನ್ ಕೇಳಿದ ಕಟ್ಟೋಣ ಇದು.

ಇದನ್ನು ಮಾತಲ್ಲಿ ಹೇಳುವುದಕ್ಕಿಂತ ಮಡಿಕೇರಿಯನ್ನೇ ಇಟ್ಟುಕೊಂಡು ನೋಡೋಣ. ಯಾವುದಾದರೂ ಎತ್ತರದ ಜಾಗದಿಂದ ಊರನ್ನು ನೋಡುತ್ತಿದ್ದೀರಿ ಅಂದುಕೊಳ್ಳಿ. ತಗ್ಗಿನಲ್ಲಿ ಒತ್ತಾಗಿ ಕೂತ ಹೆಂಚಿನ ಮಾಡುಗಳು, ಕೋಟೆ, ಓಂಕಾರೇಶ್ವರದ ಗುಮ್ಮಟ, ಹಿಂದೆ ಮಂಜು. ರಝಾ ಇಲ್ಲಿಗೆ ಬಂದಿದ್ದರು ಅಂತಲ್ಲ, ಇದು ನನ್ನದೇ ಕಲ್ಪನೆ. 1945ರ ರಝಾ ಇದನ್ನು ಬಿಡಿಸಿದರೆ ನೀವು ತಕ್ಷಣ ಗುರುತು ಹಿಡಿಯುತ್ತೀರಿ. ಕೊಡೆ ಹಿಡಿದ ಜನ, ನೀರು ನಿಂತ ರಸ್ತೆ, ಬಸ್ಸು, ಎಲ್ಲ ಇರುತ್ತದೆ. ಚಂದ ಇರುತ್ತದೆ, ಸ್ವಲ್ಪ ಸಡಿಲವಾಗಿಯೂ ಇರುತ್ತದೆ.

1951–52ರ ರಝಾ ಬಿಡಿಸಿದರೆ ಜನ ಮಾಯ. ರಸ್ತೆ ಮಾಯ. ಮಂಜೂ ಇಲ್ಲ. ಮನೆಗಳು ಚೌಕ, ಮಾಡು ತ್ರಿಕೋನ. ಎಲ್ಲ ಒಂದಕ್ಕೊಂದು ಅಂಟಿಕೊಂಡು ಗುಡ್ಡದ ಆಕಾರಕ್ಕೆ ನಿಂತಿವೆ. ಮೇಲೆ ಒಂದು ಕಪ್ಪು ಸೂರ್ಯನೋ ಕೆಂಪು ಸೂರ್ಯನೋ. ಇದು ಮಡಿಕೇರಿ ಅಂತ ಹೇಳಲು ಈಗ ಕಷ್ಟ. ಬೆಟ್ಟದ ಊರು ಅಂತ ಮಾತ್ರ ಗೊತ್ತಾಗುತ್ತದೆ. ಆ ಕಾಲದಲ್ಲಿ ಅವರು ಬಿಡಿಸಿದ ದಕ್ಷಿಣ ಫ್ರಾನ್ಸಿನ 'ಓ ದ ಕಾನ್ಯ್' ಇದೇ ಥರದ್ದು. ವೃತ್ತ, ಚೌಕ, ತ್ರಿಕೋನ ಮೂರೂ ಆಗಲೇ ಬಂದಾಯಿತು ನೋಡಿ. 30 ವರ್ಷ ಆದ ಮೇಲೆ ಬರುವ ಬಿಂದು ಚಿತ್ರದ ಸಾಮಾನೆಲ್ಲ ಇಲ್ಲಿದೆ, ಇನ್ನೂ ಮನೆ, ಸೂರ್ಯ ಅನ್ನುವ ಹೆಸರಿನಲ್ಲಿ.

1950ರ ದಶಕದ ಎರಡನೇ ಅರ್ಧಕ್ಕೆ ಬಂದರೆ ಎಣ್ಣೆ ಬಣ್ಣ. ದಪ್ಪ ದಪ್ಪಗೆ, ಕತ್ತಿಯಿಂದ ಬಳಿದ ಹಾಗೆ. ಮಾಡುಗಳ ಅಂಚು ಒಡೆದುಹೋಗಿದೆ. ಒದ್ದೆ ಹೆಂಚಿನ ಕೆಂಪು, ಪಾಚಿಯ ಹಸಿರು, ನಡುವೆ ಒಂದು ಬಿಳಿ. ಯಾವುದು ಮನೆ, ಯಾವುದು ಮರ ಅಂತ ಬೇರೆ ಮಾಡಲಾಗುವುದಿಲ್ಲ. ಈ ಕಾಲದ ಕೆಲಸಕ್ಕೆ 1956ರಲ್ಲಿ ಪ್ಯಾರಿಸ್ಸಿನ ವಿಮರ್ಶಕರು ಕೊಡುವ 'ಪ್ರೀ ದ ಲಾ ಕ್ರಿಟಿಕ್' ಪ್ರಶಸ್ತಿ ಬಂತು. ಫ್ರೆಂಚರಲ್ಲದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. 1959ರಲ್ಲಿ ಸಹಪಾಠಿ, ಕಲಾವಿದೆ ಜನೀನ್ ಮೊಂಜಿಲಾ ಅವರನ್ನು ಮದುವೆಯಾದರು. ಬೇಸಿಗೆಯಲ್ಲಿ ಇಬ್ಬರೂ ದಕ್ಷಿಣ ಫ್ರಾನ್ಸಿನ ಗೊರ್ಬಿಯೊ ಎಂಬ ಬೆಟ್ಟದ ಹಳ್ಳಿಯಲ್ಲಿ ಇರುತ್ತಿದ್ದರು.

ಸೆಜಾನ್‌ನಿಂದ ಕಟ್ಟೋಣ ಬಂತು. ಬಿಡುವುದನ್ನು ಕಲಿಸಿದ್ದು ಅಮೆರಿಕ. 1962ರಲ್ಲಿ ರಝಾ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಪಾಠ ಮಾಡಲು ಹೋದರು. ಅಲ್ಲಿನ ಹೊಸ ಕಲಾವಿದರ ಕೆಲಸ ನೋಡಿದರು. ಅದರಲ್ಲೂ ಮಾರ್ಕ್ ರಾಥ್ಕೊ. ರಾಥ್ಕೊ ಚಿತ್ರದಲ್ಲಿ ಮೆತ್ತನೆ ಅಂಚಿನ ಎರಡು ಮೂರು ಬಣ್ಣದ ಆಯತಗಳು ಮಾತ್ರ ತೇಲುತ್ತಿರುತ್ತವೆ. ಊರಿಲ್ಲ, ಬೆಟ್ಟವಿಲ್ಲ. ಆದರೂ ಎದುರು ನಿಂತವರಿಗೆ ಎದೆ ಭಾರವಾಗುತ್ತದೆ. ಬಣ್ಣವೊಂದೇ ಇಷ್ಟು ಕೆಲಸ ಮಾಡಬಹುದಾದರೆ ಮನೆ, ಚರ್ಚು ಯಾಕೆ ಬೇಕು? ಎಣ್ಣೆ ಬಣ್ಣ ಬಿಟ್ಟು ರಝಾ ಮೆಲ್ಲಗೆ ಅಕ್ರಿಲಿಕ್ ಕಡೆ ತಿರುಗಿದರು. ಅದು ಬೇಗ ಒಣಗುತ್ತದೆ, ಪದರದ ಮೇಲೆ ಪದರ ಬೇಗ ಬೇಗ ಬಳಿಯಬಹುದು. ಕೈಯ ಓಟವೇ ಬದಲಾಯಿತು.

ಈಗ 1970ರ ದಶಕದ ರಝಾ ನಮ್ಮ ಮಡಿಕೇರಿಯನ್ನು ಬಿಡಿಸಿದರೆ? ಹಗಲಿನ ಊರು ಇರುವುದಿಲ್ಲ. ರಾತ್ರಿ ಇರುತ್ತದೆ. ಪೂರ್ತಿ ಕಪ್ಪು, ಕಂದು, ಅದರೊಳಗೆ ಎಲ್ಲೋ ಉರಿಯುವ ಕೆಂಪು, ಸೀಳಿಕೊಂಡು ಬರುವ ಹಳದಿ. 'ತಪೋವನ' (1972), 'ಲಾ ತೆರ್' ಅಂದರೆ ಭೂಮಿ ಎಂಬ ಹೆಸರಿನ ಚಿತ್ರಗಳು ಈ ಕಾಲದವು. ಪ್ಯಾರಿಸ್ಸಿನಲ್ಲಿ ಕೂತು ಅವರು ಕಕೈಯಾದ ರಾತ್ರಿಯನ್ನು ಬಿಡಿಸುತ್ತಿದ್ದರು. ನನ್ನನ್ನು ಕೇಳಿದರೆ ರಝಾ ಅವರ ದೊಡ್ಡ ಕೆಲಸ ಇದೇ. ಬಿಂದು ಆಮೇಲೆ. ಕುಂಚ ಇಲ್ಲಿ ಇನ್ನೂ ಹುಡುಕುತ್ತಿದೆ, ಏನು ಸಿಗುತ್ತದೆ ಅಂತ ಅದಕ್ಕೇ ಗೊತ್ತಿಲ್ಲ. ದೇವರಕಾಡಿನೊಳಗೆ ಮಧ್ಯಾಹ್ನವೂ ಕಣ್ಣು ಹೊಂದಿಕೊಳ್ಳಲು ಒಂದು ನಿಮಿಷ ಬೇಕಾಗುತ್ತದಲ್ಲ, ಈ ಚಿತ್ರಗಳಿಗೂ ಅಷ್ಟು ಸಮಯ ಕೊಡಬೇಕು. ಮೊದಲು ಬರೀ ಕಪ್ಪು ಕಾಣುತ್ತದೆ. ಆಮೇಲೆ ಒಂದೊಂದೇ ಬಣ್ಣ ಎದ್ದು ಬರುತ್ತದೆ.

ಆದರೆ ರಝಾಗೆ ಸಮಾಧಾನ ಇರಲಿಲ್ಲ. ಹೆಸರು ಬಂದಿತ್ತು, ಚಿತ್ರ ಮಾರಾಟವಾಗುತ್ತಿತ್ತು, ಪ್ಯಾರಿಸ್ಸಿನ ಕಲಾವಿದ ಅನ್ನಿಸಿಕೊಂಡಿದ್ದೂ ಆಯಿತು. ಇದರಲ್ಲಿ ನನ್ನದು ಏನಿದೆ ಅನ್ನುವ ಪ್ರಶ್ನೆ ಕಾಡತೊಡಗಿತು. 1970ರ ದಶಕದಲ್ಲಿ ಮತ್ತೆ ಮತ್ತೆ ಭಾರತಕ್ಕೆ ಬಂದರು. ಅಜಂತಾ, ಎಲ್ಲೋರಾ, ಕಾಶಿ, ಗುಜರಾತ್, ರಾಜಸ್ಥಾನ ಸುತ್ತಿದರು. ರಜಪೂತ ಚಿಕಣಿ ಚಿತ್ರಗಳನ್ನು, ಅಂದರೆ ಹಾಳೆಯ ಮೇಲಿನ ಸಣ್ಣ ಮಿನಿಯೇಚರ್ ಚಿತ್ರಗಳನ್ನು, ಕಲಾವಿದನ ಕಣ್ಣಿನಿಂದ ನೋಡಿದರು. ಆ ಚಿತ್ರಗಳಲ್ಲಿ ಹಾಳೆಯನ್ನು ಮನೆ ಮನೆಯಾಗಿ ಭಾಗ ಮಾಡಿರುತ್ತಾರೆ, ಒಂದೊಂದು ಭಾಗಕ್ಕೂ ಒಂದು ಗಟ್ಟಿ ಬಣ್ಣ, ಸುತ್ತ ಕೆಂಪು ಅಂಚು. ರಝಾ ಅವರ 'ರಾಜಸ್ಥಾನ', 'ಸೌರಾಷ್ಟ್ರ' (1983) ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿ. ಅಂಚು, ಭಾಗಗಳು, ಬಿಸಿ ಬಣ್ಣ, ಎಲ್ಲ ಅಲ್ಲಿಂದ ಬಂದವು. ಒಳಗೆ ಮಾತ್ರ ರಾಣಿಯೂ ಇಲ್ಲ, ಕೃಷ್ಣನೂ ಇಲ್ಲ.

ಈ ಹುಡುಕಾಟದ ನಡುವೆಯೇ ಬಿಂದು ಬಂತು. 1981ರ 'ಮಾ' ಎಂಬ ಚಿತ್ರದಲ್ಲಿ ಕವಿ ಅಶೋಕ್ ವಾಜಪೇಯಿ ಅವರ ಒಂದು ಸಾಲನ್ನು ದೇವನಾಗರಿಯಲ್ಲಿ ಬರೆದಿದ್ದಾರೆ. ಅಮ್ಮಾ, ತಿರುಗಿ ಬರುವಾಗ ನಿನಗೆ ಏನು ತರಲಿ ಎಂಬ ಭಾವದ ಸಾಲು. 30 ವರ್ಷ ಪರದೇಶದಲ್ಲಿದ್ದ ಮಗ ಕೇಳುವ ಮಾತು.

ಬಿಂದು ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ತತ್ವಶಾಸ್ತ್ರ ಬೇಕಿಲ್ಲ. ತುಲಾ ಸಂಕ್ರಮಣದ ದಿನ ತಲಕಾವೇರಿಗೆ ಹೋದವರಿಗೆ ಗೊತ್ತು. ಸಾವಿರಾರು ಜನ, ಬೆಟ್ಟ, ಆಕಾಶ, ಎಲ್ಲ ಇದ್ದರೂ ಆ ಗಳಿಗೆಯಲ್ಲಿ ಎಲ್ಲರ ಕಣ್ಣು ಒಂದು ಸಣ್ಣ ಕುಂಡಿಕೆಯ ಮೇಲೆ. ಕುಂಡಿಕೆ ಸಣ್ಣದಾಗಿರುವುದರಿಂದಲೇ ಸುತ್ತಲಿನದೆಲ್ಲ ಅದರ ಕಡೆ ವಾಲಿದ ಹಾಗಿರುತ್ತದೆ. ಇನ್ನೇನು ಅಲ್ಲಿಂದ ಒಂದು ನದಿ ಹೊರಡಬೇಕು. ರಝಾ ಬಿಂದುವೂ ಹೀಗೆ ಎರಡು ಕೆಲಸ ಮಾಡುತ್ತದೆ. ಕಣ್ಣನ್ನು ಒಳಗೆ ಎಳೆಯುತ್ತದೆ, ಅಲ್ಲಿಂದಲೇ ಗೆರೆ, ಬಣ್ಣಗಳನ್ನು ಹೊರಗೆ ತಳ್ಳುತ್ತದೆ. 'ಅಂಕುರಣ', 'ಪ್ರಕೃತಿ', 'ಸೂರ್ಯ' ಅಂತೆಲ್ಲ ಹೆಸರಿಟ್ಟದ್ದು ಇದಕ್ಕೇ. ಕಪ್ಪು, ಬಿಳಿ, ಕೆಂಪು, ಹಳದಿ, ನೀಲಿ ಎಂಬ ಐದು ಬಣ್ಣಗಳನ್ನು ಪಂಚಭೂತಗಳ ಜೊತೆ ಇಟ್ಟು ನೋಡುವುದೂ ಇದೆ. ಮೇಲ್ಮುಖದ ತ್ರಿಕೋನ ಪುರುಷ, ಕೆಳಮುಖದ್ದು ಸ್ತ್ರೀ. ಗೊತ್ತಿದ್ದರೆ ಒಳ್ಳೆಯದು. ಗೊತ್ತಿಲ್ಲದೆಯೂ ಚಿತ್ರ ನಿಲ್ಲುತ್ತದೆ, ನಿಲ್ಲಬೇಕು. ಸಂಕೇತಗಳ ಪಟ್ಟಿ ಇಲ್ಲದೆ ನಿಲ್ಲದ ಚಿತ್ರ ಸುಮ್ನೆ ಚಾರ್ಟು.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಕೊನೆಯ ವರ್ಷಗಳ ಬಿಂದು ಚಿತ್ರಗಳಲ್ಲಿ ಹಲವು ನನಗೆ ಚಾರ್ಟಿನ ಹಾಗೇ ಕಾಣುತ್ತವೆ. ಗೆರೆ ಅಚ್ಚುಕಟ್ಟು, ಬಣ್ಣ ಚಪ್ಪಟೆ, ಹುಡುಕಾಟ ಮುಗಿದಿದೆ. ರಝಾ ಅದನ್ನು ಜಪಕ್ಕೆ ಹೋಲಿಸುತ್ತಿದ್ದರು, ಒಂದೇ ಹೆಸರನ್ನು ಮತ್ತೆ ಮತ್ತೆ ಹೇಳಿದ ಹಾಗೆ ಅಂತ. ಜಪ ಮಾಡುವವರಿಗೆ ಅದು ಸರಿ. ನೋಡುವವರಿಗೆ ಎಲ್ಲವೂ ಒಂದೇ ಮಟ್ಟದ್ದಾಗಬೇಕಿಲ್ಲ. ಹೀಗೆ ಒಂದೇ ಅಚ್ಚಿನ ಆಕಾರಕ್ಕೆ ಇನ್ನೊಂದು ಅಪಾಯವೂ ಇದೆ, ನಕಲು ಸುಲಭ. 2009ರಲ್ಲಿ ದೆಹಲಿಯ ಗ್ಯಾಲರಿಯೊಂದರಲ್ಲಿ ತಮ್ಮದೇ ಚಿತ್ರಗಳ ಪ್ರದರ್ಶನ ಉದ್ಘಾಟನೆಗೆ ಹೋದ ರಝಾ, ಗೋಡೆ ನೋಡಿದರೆ ಅಲ್ಲಿ ನೇತುಹಾಕಿದ್ದರಲ್ಲಿ ಹೆಚ್ಚಿನವು ನಕಲಿ. ಆಗ ಅವರಿಗೆ 86 ದಾಟಿತ್ತು.

ಬೆಲೆಯ ವಿಷಯ ಗೆಳೆಯನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. 2010ರಲ್ಲಿ ಲಂಡನ್ನಿನಲ್ಲಿ 'ಸೌರಾಷ್ಟ್ರ' 16.42 ಕೋಟಿ ರೂಪಾಯಿಗೆ ಹೋದಾಗಿನಿಂದ ಪತ್ರಿಕೆಗಳು ರಝಾ ಬಗ್ಗೆ ಬರೆಯುವುದು ಹೆಚ್ಚಾಗಿ ಕೋಟಿಯಲ್ಲೇ. ಹರಾಜಿನ ಬೆಲೆ ಇಬ್ಬರು ಹಣವಂತರ ಹಟದ ಲೆಕ್ಕ. ಅದರಿಂದ ಚಿತ್ರ ಒಳ್ಳೆಯದೂ ಆಗುವುದಿಲ್ಲ, ಕೆಟ್ಟದ್ದೂ ಆಗುವುದಿಲ್ಲ. ಕಾಫಿ ರೇಟು ಏರಿದ ವರ್ಷ ಗಿಡದಲ್ಲಿ ಹಣ್ಣು ಜಾಸ್ತಿ ಬಿಡುತ್ತದೆಯೇ ಅಂತ ಕೇಳಿದೆ. ಅವನು ಅದಕ್ಕೆ ಉತ್ತರ ಕೊಡಲಿಲ್ಲ, ಆದರೆ ‘ತಪೋವನ’ದ ಫೋಟೊ ಕಳಿಸು ಅಂದ.

2002ರಲ್ಲಿ ಜನೀನ್ ತೀರಿಕೊಂಡರು. 2010ರ ಕೊನೆಗೆ ರಝಾ ದೆಹಲಿಗೆ ವಾಪಸ್ ಬಂದರು. ಕೈಲಾಗುವಷ್ಟು ದಿನ ಚಿತ್ರ ಬಿಡಿಸಿದರು. 2013ರಲ್ಲಿ ಪದ್ಮವಿಭೂಷಣ ಬಂತು. 2016ರ ಜುಲೈ 23ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಆಸೆಯಂತೆ ಮಂಡ್ಲಾದಲ್ಲಿ ತಂದೆಯ ಸಮಾಧಿ ಪಕ್ಕದಲ್ಲಿ ಮಣ್ಣು ಮಾಡಿದರು. 2023ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರ ಅವರ ಜೀವಮಾನದ ಕೆಲಸಗಳ ದೊಡ್ಡ ಪ್ರದರ್ಶನ ಮಾಡಿತು.

ನೋಡಬೇಕು ಅನ್ನುವವರಿಗೆ ಕೊಡಗಿನಿಂದ ಹತ್ತಿರದ ದೊಡ್ಡ ಜಾಗ ಬೆಂಗಳೂರಿನ ಅರಮನೆ ರಸ್ತೆಯಲ್ಲಿರುವ ಮಾಣಿಕ್ಯವೇಲು ಮ್ಯಾನ್ಷನ್, ಅಂದರೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಶಾಖೆ. ಸೋಮವಾರ ರಜೆ. ಗೋಡೆ ಮೇಲಿನ ಚಿತ್ರಗಳು ಆಗಾಗ ಬದಲಾಗುತ್ತವೆ, ಹಾಗಾಗಿ ರಝಾ ಇದೆಯಾ ಅಂತ ಫೋನ್ ಮಾಡಿ ಕೇಳಿಕೊಂಡೇ ಬಸ್ ಹತ್ತಿ. ಇದ್ದರೆ ಮೊದಲು ಇಸವಿ ನೋಡಿ, ಹೆಸರು ಆಮೇಲೆ. ಬಿಂದು ಸಿಗದೆ 1950ರ ದಶಕದ ಮನೆಗಳ ಚಿತ್ರವೋ 70ರ ದಶಕದ ಕತ್ತಲ ಚಿತ್ರವೋ ಸಿಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ಅದೇ ಲಾಭ.